ತೊಗರಿ ಒಣಗಿದ ವರ್ಷದ ಅರ್ಜಿ

2022ರ ತೊಗರಿ ನಿಮಗೆಲ್ಲ ನೆನಪಿರಬೇಕು. ಆ ವರ್ಷ ಮಳೆ ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲ. ಕರಿಮಣ್ಣಿನ ಹೊಲಗಳಲ್ಲಿ ನೀರು ನಿಂತು ಬೇರು ಸೋತವು, ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ನೆಟೆ ರೋಗ ಬಿತ್ತು. ನಿಂತ ನಿಂತಲ್ಲೇ ಗಿಡ ಒಣಗಿದವು. ದೂರದಿಂದ ನೋಡಿದವರಿಗೆ ಬೆಳೆ ಮಾಗಿದೆ ಅನ್ನಿಸಬೇಕು, ಹತ್ತಿರ ಹೋಗಿ ಕಾಯಿ ಬಿಡಿಸಿದರೆ ಒಳಗೆ ಕಾಳಿಲ್ಲ. ಕ್ವಿಂಟಲಿಗೆ 6,600 ರೂಪಾಯಿ ಬೆಂಬಲ ಬೆಲೆ ಇತ್ತು, ತೂಕಕ್ಕೆ ಇಡಲು ತೊಗರಿ ಇರಲಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ, ಯಾವ ಕಡೆ ಹೋದರೂ ಅದೇ ಮಾತು. ಹೊಸ ವರ್ಷ ಬಂದ ಮೇಲೆ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಅಂತ ಹೇಳಿತು. ಅಷ್ಟರೊಳಗೆ ಎಷ್ಟೋ ಮನೆಯವರು ಬೀಗ ಹಾಕಿ ಪುಣೆ, ಹೈದರಾಬಾದಿನ ದಾರಿ ಹಿಡಿದಿದ್ದರು.

ಒಣಗಿದ ತೊಗರಿ ಕಟಿಗಿ ಹೀಗೆ ಚಟಪಟ ಉರಿಯುವಾಗ ನನಗೆ ಆ ವರ್ಷದ ಬೆಳೆಗಿಂತ ಒಂದು ಅರ್ಜಿ ಹೆಚ್ಚು ನೆನಪಾಗುತ್ತದೆ. ಹೇಳ್ತೀನಿ, ಹತ್ತಿರ ಸರೀರಿ.

ಹುಡುಗಿ ಮಳಖೇಡದ ಸಮೀಪದ ಒಂದು ಹಳ್ಳಿಯವಳು. ಕಾಗಿಣಾ ದಂಡೆ. ಅಪ್ಪನಿಗೆ ಸಣ್ಣ ಹೊಲ, ಅದರಲ್ಲಿ ತೊಗರಿ, ಬದುವಿಗೆ ಒಂದಿಷ್ಟು ಜೋಳ. ನಾನು ಪಾಠ ಮಾಡುತ್ತಿದ್ದ ಪಿಯು ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ತರಗತಿಯಲ್ಲಿ ಮಾತು ಕಡಿಮೆ. ಆದರೆ ಒಮ್ಮೆ ಗಣೇಶ ಚೌತಿಯ ಕಾರ್ಯಕ್ರಮದಲ್ಲಿ ಮೈಕು ಕೈಕೊಟ್ಟಾಗ ಅವಳು ಹಾಡು ನಿಲ್ಲಿಸಲಿಲ್ಲ. ಕೊನೆಯ ಸಾಲಿನಲ್ಲಿ ಕೂತ ನಮಗೂ ಒಂದೊಂದು ಸ್ವರ ನಿಚ್ಚಳವಾಗಿ ಬಂದು ಮುಟ್ಟಿತು. ಆ ದಿನ ಗೊತ್ತಾಯಿತು, ಈ ಕಂಠ ಬರೀ ಭಜನೆಯಲ್ಲಿ ಬೆಳೆದದ್ದಲ್ಲ, ಇದರ ಹಿಂದೆ ಒಬ್ಬ ಗುರು ಇದ್ದಾನೆ ಅಂತ.

ಗುರು ಇದ್ದದ್ದು ಶಹಾಬಾದಿನಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು, ಕಣ್ಣು ಕಾಣದವರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಆ ಆಶ್ರಮದಲ್ಲಿ ಅನ್ನ ಹಾಕಿ, ವಿದ್ಯೆ ಕೊಟ್ಟು ಬೆಳೆಸಿದ ಮಕ್ಕಳು ಉತ್ತರ ಕರ್ನಾಟಕದ ಊರೂರಿನಲ್ಲೂ ಪೇಟಿ ಹಿಡಿದು ಕೂತಿದ್ದಾರೆ. ಅವರಿಲ್ಲದಿದ್ದರೆ ನಮ್ಮ ಕಡೆಯ ಬಡ ಮಕ್ಕಳಿಗೆ ರಾಗ ಅಂದರೆ ಏನೆಂದು ಯಾರು ಹೇಳುತ್ತಿದ್ದರು? ಹುಡುಗಿ ಭಾನುವಾರ ಮುಂಜಾನೆ ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತುವಳು. ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಅಲ್ಲಿಂದ ಶಹಾಬಾದಿಗೆ ಹೋಗುವ ಇನ್ನೊಂದು ಗಾಡಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ಸಿಮೆಂಟು, ಕಲ್ಲು, ಕೂಲಿಯವರು, ಯಾತ್ರಿಕರು ಎಲ್ಲರನ್ನೂ ಹೊತ್ತ ಆ ಹಳಿಯ ಮೇಲೆ ಈ ಹುಡುಗಿ ಒಂದು ನೋಟುಬುಕ್ಕು ಹಿಡಿದು ಸ್ವರ ಪಾಠ ಮಾಡಿಕೊಳ್ಳುತ್ತ ಹೋಗುವಳು. ಗವಾಯಿಗಳ ಮನೆಯ ನೆಲ ಅದೇ ಊರಿನ ಹಾಸುಗಲ್ಲು. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದರ ಮೇಲೆ ಚಾಪೆ ಹಾಸಿ ಪೇಟಿ ಮುಂದಿಟ್ಟುಕೊಂಡು ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ.

ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳನ್ನು ಅವರು ಒಂದೊಂದಾಗಿ ಕೊಡಿಸುತ್ತ ಬಂದಿದ್ದರು. ಪ್ರಾರಂಭಿಕ, ಪ್ರವೇಶಿಕ, ಆಮೇಲೆ ಮಧ್ಯಮ ಪ್ರಥಮ. ಆ ಚಳಿಗಾಲಕ್ಕೆ ಮಧ್ಯಮ ಪೂರ್ಣ ಕಟ್ಟಬೇಕಿತ್ತು. ಅಲ್ಲಿಗೇ ತೊಡಕು ಬಂತು, ಒಂದು ವಿಶ್ವವಿದ್ಯಾಲಯದ ಅರ್ಜಿಯ ರೂಪದಲ್ಲಿ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹೆಸರು ನಮ್ಮ ಕಡೆ ಹೊಸದಲ್ಲ. ಅದೇ ಹೆಸರಿನ ಪ್ರತಿಷ್ಠಾನದವರು ಕಲಬುರಗಿ, ಯಾದಗಿರಿ ಜಿಲ್ಲೆಗಳ ಸರ್ಕಾರಿ ಶಾಲೆಗಳ ಜೊತೆ ಬಹಳ ವರ್ಷಗಳಿಂದ ಕೆಲಸ ಮಾಡಿದ್ದಾರೆ. ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ, ರಾಜ್ಯದ ಕಾಯ್ದೆಯಿಂದ. ಈಗ ಸರ್ಜಾಪುರದ ಹತ್ತಿರ ಅದರ ಆವರಣ. ಪದವಿ ತರಗತಿಗಳಿಗೆ ಅವರು ಎರಡು ಸುತ್ತಿನಲ್ಲಿ ಮಕ್ಕಳನ್ನು ಆರಿಸುತ್ತಾರೆ. ಮೊದಲಿನದಕ್ಕೆ ಅರ್ಲಿ ಅಡ್ಮಿಷನ್ ಅನ್ನುತ್ತಾರೆ. ಪಿಯು ಪರೀಕ್ಷೆ ಇನ್ನೂ ದೂರ ಇರುವಾಗಲೇ, ಚಳಿ ಬೀಳುವ ಹೊತ್ತಿಗೆ ಅರ್ಜಿ. ಆಮೇಲೆ ಒಂದು ಲಿಖಿತ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಸಂದರ್ಶನ. ಎರಡನೇ ಸುತ್ತು ಹೊಸ ವರ್ಷದಲ್ಲಿ. ಮನೆಯ ಆದಾಯ ನೋಡಿ ಶುಲ್ಕಕ್ಕೆ, ಊಟಕ್ಕೆ, ವಸತಿಗೆ ನೆರವು ಕೊಡುತ್ತಾರೆ, ತೀರಾ ಬಡವರಿಗೆ ಪೂರ್ತಿ. ಒಣಗಿದ ಹೊಲದ ಮನೆಯ ಹುಡುಗಿಗೆ ಈ ಕೊನೆಯ ಮಾತೇ ಮೊದಲ ಮಾತು.

ಅವಳಿಗೆ ಅರ್ಥಶಾಸ್ತ್ರ ಓದುವ ಆಸೆ. ಎಲ್ಲಿಂದ ಬಂತು ಅಂತ ಕೇಳಿದ್ದೆ. "ಅಪ್ಪನ ಜೋಡಿ ಕಲಬುರಗಿ ಅಡತಿಗಿ ಹೋಗಿದ್ನಿರಿ. ನಮ್ಮ ತೊಗರಿ ಬಂದಾಗ್ಲೇ ರೇಟ್ ಯಾಕ ಬೀಳ್ತದ, ನಮ್ಮದು ಮಾರಿ ಮುಗದ ಮ್ಯಾಲ ಯಾಕ ಏಳ್ತದ? ಅಪ್ಪ ಹಣೇಬಾರ ಅಂತಾನ. ನನಗ ಅದು ಖರೇ ಅನಸಂಗಿಲ್ಲ" ಅಂದಳು. ಅರ್ಥಶಾಸ್ತ್ರದ ಮೊದಲ ಪಾಠ ಅವಳು ಆಗಲೇ ಕಲಿತಿದ್ದಳು, ನಾವು ಕಲಿಸಿದ್ದಲ್ಲ.

ಆದರೆ ಸಂಗೀತ? ಅಲ್ಲಿ ಸಂಗೀತದ ಪದವಿ ಇಲ್ಲ. ಸಂಗೀತವೇ ಓದಬೇಕೆಂದರೆ ಧಾರವಾಡ ಇದೆ. ಮಲ್ಲಿಕಾರ್ಜುನ ಮನಸೂರರು ಸಂಗೀತ ವಿಭಾಗವನ್ನು ಮುನ್ನಡೆಸಿದ ಕರ್ನಾಟಕ ವಿಶ್ವವಿದ್ಯಾಲಯ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. ಇವೆಲ್ಲದರ ಬಾಗಿಲು ತೆರೆಯುವುದು ಪಿಯು ಫಲಿತಾಂಶ ಬಂದ ಮೇಲೆ. ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಇದ್ದರೆ ನಮ್ಮ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಆ ಹಕ್ಕಿಗಾಗಿ ಈ ಭಾಗದ ಜನ ಎಷ್ಟು ವರ್ಷ ಹೋರಾಡಿದರು ಅನ್ನುವುದನ್ನು ನಾನು ಮಕ್ಕಳಿಗೆ ಯಾವಾಗಲೂ ಹೇಳುತ್ತೇನೆ. ಸೇಡಂನ ಸಹಾಯಕ ಆಯುಕ್ತರ ಕಚೇರಿಗೆ ಹೋಗಿ ಆ ಪತ್ರ ಮಾಡಿಸಿಕೊಳ್ಳದೆ ಬಿಟ್ಟ ಮಕ್ಕಳನ್ನು ಕಂಡರೆ ಈಗಲೂ ಸಂಕಟ ಆಗುತ್ತದೆ.

ಬೇಗ ಅರ್ಜಿ ಹಾಕಬೇಕೋ, ಕಾಯಬೇಕೋ? ಸ್ಟಾಫ್ ರೂಮಿನಲ್ಲಿ ಒಂದೊಂದು ಕುರ್ಚಿಗೆ ಒಂದೊಂದು ಮಾತು.

ಕಾಯಲಿ ಅಂದವರ ಮಾತಿನಲ್ಲೂ ಹುರುಳಿತ್ತು. ಇವಳ ತಂಡದವರು ಎಸ್ಸೆಸ್ಸೆಲ್ಸಿ ಬರೆದದ್ದು 2021ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ. ಎರಡೇ ದಿನದಲ್ಲಿ ಎಲ್ಲ ವಿಷಯ, ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ. ಹೆಚ್ಚುಕಡಿಮೆ ಎಲ್ಲರೂ ಪಾಸು. ಆ ಅಂಕಪಟ್ಟಿ ನೋಡಿ ಈ ಹುಡುಗಿ ಎಂಥವಳು ಅಂತ ಯಾರೂ ಹೇಳಲಾರರು. ಅವಳು ಯಾರು ಅಂತ ಹೇಳುವ ಅಂಕ ಬರುವುದು ಮುಂದಿನ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಕನ್ನಡ ಮಾಧ್ಯಮದ ಹುಡುಗಿಯನ್ನು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮುಂದೆ ಯಾಕೆ ಕೂರಿಸುತ್ತೀರಿ? ಹತ್ತನೇ ಇಯತ್ತೆಯ ಇಂಗ್ಲಿಷನ್ನು ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಇನ್ನೊಬ್ಬರ ಮೊಬೈಲಿನಲ್ಲಿ ಕಲಿತವಳು ಅವಳು.

ನನ್ನ ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಮಗಳು ಪಿಟೀಲು ನುಡಿಸುತ್ತಾಳೆ, ಅದೇ ನವೆಂಬರಿನಲ್ಲಿ ಅವಳೂ ಅಲ್ಲಿಯ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಬೇಗನೆ ಅರ್ಜಿ ಹಾಕುವ ತಯಾರಿಯಲ್ಲಿದ್ದಳು. ಫೋನಿನಲ್ಲಿ ಅವನು, "ಕಾಕಾ, ಇಲ್ಲಿ ಅರ್ಲಿ ಹಾಕಿದ್ರ ಚಾನ್ಸ್ ಜಾಸ್ತಿ. ನಿಮ್ಮ ಹುಡುಗಿಗೂ ಹಾಕಸ್ರಿ" ಅಂದ. ಬಿಡಿಸಿ ಕೇಳಿದೆ. ಅಲ್ಲಿ ಅರ್ಲಿ ಡಿಸಿಷನ್ ಅಂದರೆ ಒಂದೇ ಕಡೆ ಹಾಕಬೇಕು. ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆ ಅಂತ ವಿದ್ಯಾರ್ಥಿ, ಪಾಲಕರು, ಶಾಲೆಯ ಸಲಹೆಗಾರರು ಮೂವರೂ ಸಹಿ ಮಾಡಬೇಕು. ನವೆಂಬರಿನಲ್ಲಿ ಅರ್ಜಿ, ಡಿಸೆಂಬರ್ ನಡುವಿನಲ್ಲಿ ಉತ್ತರ. ಬೇಗ ಹಾಕಿದವರಲ್ಲಿ ಹೆಚ್ಚು ಮಂದಿ ಆಯ್ಕೆಯಾಗುವುದು ನಿಜ. ಆದರೆ ಆ ಲೆಕ್ಕದೊಳಗೆ ಆಟಗಾರರಾಗಿ ಮೊದಲೇ ಗೊತ್ತಾದವರು, ಹಳೆ ವಿದ್ಯಾರ್ಥಿಗಳ ಮಕ್ಕಳು ಎಲ್ಲ ಸೇರಿರುತ್ತಾರೆ. ಅವರನ್ನು ತೆಗೆದು ನೋಡಿದರೆ ಸಾಮಾನ್ಯ ಮಗುವಿಗೆ ಎಷ್ಟು ಲಾಭ ಅಂತ ಹೊರಗಿನವರು ಹೇಳುವುದು ಕಷ್ಟ. ಮೇಲಾಗಿ, ಎರಡು ಕಡೆಯ ಹಣದ ನೆರವನ್ನು ಹೋಲಿಸಿ ನೋಡುವ ಅವಕಾಶವೂ ಕೈತಪ್ಪುತ್ತದೆ. ಕೈಯಲ್ಲಿ ದುಡ್ಡಿದ್ದವರಿಗೆ ಅದು ಭಾರವಲ್ಲ, ಇಲ್ಲದವರಿಗೆ ಭಾರ.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾನ್ಸ್ ಎಷ್ಟದ ಅಂತ ಯಾರೂ ಹೇಳಂಗಿಲ್ರಿ ಸರ್. ಯಾವುದು ಮೊದಲು ಬರ್ತದ, ಯಾವುದು ಆಮ್ಯಾಲ ಬರ್ತದ, ಅದನ್ನ ನೋಡಮ್" ಅಂದಳು.

ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಾಳೆ ಮಗುಚಿ ಅವಳು ತಿಂಗಳುಗಳನ್ನು ಬರೆದಳು. ಎರಡನೇ ಸುತ್ತಿಗೆ ಕಾದರೂ ಬರೆಯಬೇಕಾದ್ದು ಅದೇ ಬಗೆಯ ಪರೀಕ್ಷೆ. ಓದಿಕೊಳ್ಳಲು ಒಂದಿಷ್ಟು ತಿಂಗಳು ಹೆಚ್ಚು ಸಿಗುತ್ತವೆ ಅನ್ನುವುದು ಮೇಲ್ನೋಟದ ಮಾತು, ಯಾಕೆಂದರೆ ಆ ತಿಂಗಳುಗಳೆಲ್ಲ ಪಿಯು ಪರೀಕ್ಷೆಯ ತಿಂಗಳುಗಳು. ಮಾರ್ಚ್ ತುಂಬ ಪರೀಕ್ಷೆ. ಬೇಗ ಹಾಕಿದರೆ ಆಗುತ್ತದೆಯೋ ಇಲ್ಲವೋ ಅನ್ನುವುದು ಪಿಯುಗಿಂತ ಮುಂಚೆ ತಿಳಿಯುತ್ತದೆ. ಆಗದಿದ್ದರೆ ಧಾರವಾಡವೂ ಇದೆ, ಮೈಸೂರೂ ಇದೆ, ಒಂದೂ ಮುಚ್ಚಿರುವುದಿಲ್ಲ. ನಾವು ಸ್ಟಾಫ್ ರೂಮಿನಲ್ಲಿ ಶೇಕಡಾವಾರು ಹುಡುಕುತ್ತಿದ್ದೆವು, ಅವಳು ಬಾಗಿಲುಗಳನ್ನು ತೆರೆಯುವ ಕ್ರಮದಲ್ಲಿ ಜೋಡಿಸಿಟ್ಟಿದ್ದಳು. ಆ ಹಾಳೆಯಲ್ಲಿ ಒಂದೇ ಒಂದು ಕಡೆ ಎರಡು ಗೆರೆ ಒಂದಕ್ಕೊಂದು ಹಾಯ್ದಿದ್ದವು. ಮಧ್ಯಮ ಪೂರ್ಣ ಪರೀಕ್ಷೆ ನವೆಂಬರ್, ಡಿಸೆಂಬರ್. ವಿಶ್ವವಿದ್ಯಾಲಯದ ಪರೀಕ್ಷೆಗೆ ತಯಾರಿಯೂ ಅದೇ ದಿನಗಳು. ಮುಂಜಾನೆ ರಿಯಾಜಿಗೆ ಕೂತರೆ ಇಂಗ್ಲಿಷ್ ಇಲ್ಲ, ಇಂಗ್ಲಿಷಿಗೆ ಕೂತರೆ ರಿಯಾಜ್ ಇಲ್ಲ. ರಾತ್ರಿ ಮನೆಯ ಕೆಲಸ ಮುಗಿಯುವ ಹೊತ್ತಿಗೆ ಕರೆಂಟ್ ಇರುತ್ತದೆಂಬ ನೆಚ್ಚಿಕೆ ಇರಲಿಲ್ಲ.

ಇಲ್ಲಿ ನಾನು ಚಿಂಚೋಳಿಯ ಹುಡುಗನ ಮಾತು ಹೇಳಬೇಕು. ಅದಕ್ಕೂ ಹಿಂದೆ ನಾನು ಚಿಂಚೋಳಿಯಲ್ಲಿದ್ದಾಗ ಒಂದು ತಾಂಡಾದ ಹುಡುಗ ತರಗತಿಯಲ್ಲಿದ್ದ. ಕಾಡಂಚಿನ ತಾಂಡಾ. ಅಜ್ಜಿಯಿಂದ ಕಲಿತ ಲಂಬಾಣಿ ಹಾಡು ಅವನ ಬಾಯಲ್ಲಿ ಕೇಳಬೇಕು ನೀವು, ಹಾಡುತ್ತ ಹಲಗೆ ಬಡಿದರೆ ಎದ್ದು ನಿಲ್ಲುವಂತಾಗುತ್ತಿತ್ತು. ಲೆಕ್ಕದಲ್ಲೂ ಚುರುಕು. ದೀಪಾವಳಿ ಆಗುತ್ತಲೇ ಅವನ ಮನೆಯವರು ಗುಳೆ ಹೋಗುತ್ತಿದ್ದರು, ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ. ಹುಡುಗನೂ ಹೋಗುವನು, ಪರೀಕ್ಷೆಯ ಹೊತ್ತಿಗೆ ಬರುವನು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಮಕ್ಕಳೇ ಬನ್ನಿ, ಬೇಗ ಬನ್ನಿ ಅಂತ ಕರೆಯುವ ತಿಂಗಳುಗಳು ಯಾವುವು? ಅಕ್ಟೋಬರ್, ನವೆಂಬರ್, ಡಿಸೆಂಬರ್. ನಮ್ಮ ತಾಂಡಾಗಳು ಖಾಲಿಯಾಗುವ ತಿಂಗಳುಗಳು ಯಾವುವು? ಅವೇ. ಅವನಿಗೆ ಅವಕಾಶ ಎಷ್ಟು ಅಂತ ತೂಗಿ ನೋಡುವ ಮಾತೇ ಬರಲಿಲ್ಲ. ತೂಗಲು ತಕ್ಕಡಿಯ ಹತ್ತಿರ ನಿಲ್ಲಬೇಕಲ್ಲ. ಬೇಗ ಅರ್ಜಿ ಹಾಕುವುದು ಮನೆಯಲ್ಲಿ ನೆಲೆ ನಿಂತವರ ಅನುಕೂಲ. ಇದನ್ನು ಯಾವ ಸಭೆಯಲ್ಲೂ ನಾನು ಹೇಳದೆ ಬಿಟ್ಟಿಲ್ಲ.

ಹುಡುಗಿಗೆ ಆ ಕಥೆ ಗೊತ್ತಿತ್ತು. ಅವಳ ಓಣಿಯ ಮನೆಗಳೂ ಆ ವರ್ಷ ಖಾಲಿಯಾಗುತ್ತಿದ್ದವು.

ಅರ್ಜಿಯ ಗಡುವು ಹತ್ತಿರ ಬರುತ್ತಿದ್ದಾಗ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಚಿತ್ತಾಪುರದ ನಾಗಾವಿಗೆ ಹೋಗಿದ್ದೆವು. ಎಲ್ಲರೂ ಎಲ್ಲಮ್ಮನ ಗುಡಿಗೆ ಹೋಗಿ ಬರುತ್ತಾರೆ, ಅರವತ್ತು ಕಂಬದ ಗುಡಿಯ ಕಡೆ ಹೋಗುವವರು ಕಡಿಮೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಘಟಿಕಾಸ್ಥಾನ ಇತ್ತು. ಈಗಿನ ಮಾತಿನಲ್ಲಿ ವಿಶ್ವವಿದ್ಯಾಲಯ. 1058ರ ಶಾಸನ ಇದೆ. ದಂಡನಾಯಕ ಮಧುಸೂದನ ಕಟ್ಟಿಸಿದ ಶಾಲೆಯ ವಿವರ ಅದರಲ್ಲಿದೆ, ಓದುವವರಿಗೆ, ಓದಿಸುವವರಿಗೆ ಬಿಟ್ಟ ದತ್ತಿಯ ವಿವರ ಇದೆ. ನನಗೆ ಬಹಳ ಹಿಡಿಸುವುದು, ಅಲ್ಲಿ ಪುಸ್ತಕ ಕಾಯಲು ಆರು ಜನ ಸರಸ್ವತಿ ಭಂಡಾರಿಗರು ಇದ್ದರು ಅನ್ನುವುದು. ಸಾವಿರ ವರ್ಷದ ಹಿಂದೆ, ಚಿತ್ತಾಪುರದಲ್ಲಿ, ಆರು ಜನ ಗ್ರಂಥಪಾಲಕರು! ಇವತ್ತು ನಮ್ಮ ಎಷ್ಟು ಕಾಲೇಜಿನಲ್ಲಿ ಒಬ್ಬರಾದರೂ ಇದ್ದಾರೆ? ಅಲ್ಲಿಗೂ ಬಂದವರನ್ನೆಲ್ಲ ಸೇರಿಸಿಕೊಂಡಿರಲಿಕ್ಕಿಲ್ಲ. ಯಾರು ಓದಬಹುದು, ಯಾರು ಓದಬಾರದು ಅನ್ನುವ ಗೋಡೆ ಆಗ ಇನ್ನೂ ಎತ್ತರ. ನನ್ನ ಮುಂದೆ ನಿಂತ ಹುಡುಗಿಗೆ ಆ ಶಾಲೆಯ ಹೊಸ್ತಿಲು ದಾಟಲು ಯಾರೂ ಬಿಡುತ್ತಿರಲಿಲ್ಲ. ಅದನ್ನೂ ಮಕ್ಕಳಿಗೆ ಹೇಳಿದೆ.

ಅವಳು ಕಂಬಗಳ ನಡುವೆ ನಿಂತು ಮಂದ್ರದ ಷಡ್ಜ ಹಿಡಿದಳು. ಬೇರೆ ಮಕ್ಕಳು ಫೋಟೊ ತೆಗೆಯುವುದನ್ನು ಬಿಟ್ಟು ತಿರುಗಿ ನೋಡಿದರು. ಹಾಡು ಮುಂದುವರಿಸಲಿಲ್ಲ. ನನ್ನ ಹತ್ತಿರ ಬಂದು, "ಗವಾಯಿಗಳಿಗಿ ನೀವೇ ಹೇಳ್ರಿ ಸರ್. ನಂಗ ಆಗಂಗಿಲ್ಲ" ಅಂದಳು.

ಹೋದೆ. ಭಾನುವಾರ, ಅವಳ ಅಪ್ಪನೂ ಜೊತೆಗೆ ಬಂದ. ಗವಾಯಿಗಳು ಎಲ್ಲ ಕೇಳಿಸಿಕೊಂಡರು, ಬೆರಳುಗಳು ಪೇಟಿಯ ಮೇಲೇ ಇದ್ದವು. ಆಮೇಲೆ ಒಂದೊಂದೇ ಮಾತು. "ಸರ್, ಗಂಗೂಬಾಯಿ ಹಾನಗಲ್ಲರು ಶಾಲಿ ಕಲ್ತದ್ದು ಐದನೇ ಇಯತ್ತೆ ತನಕ. ಹುಬ್ಬಳ್ಳಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಸವಾಯಿ ಗಂಧರ್ವರ ಮುಂದ ಕೂತ್ರು. ಈ ಹುಡುಗಿನೂ ರೈಲಿನಾಗ ಬರ್ತಾಳ. ಈ ವಯಸ್ಸಿನಾಗ ಕಂಠ ನೆಲಿ ನಿಲ್ತದ. ಈಗ ಬಿಟ್ರ ಆಮ್ಯಾಲ ದುಡಿದು ತರಾಕ ಆಗಂಗಿಲ್ಲ. ಅರ್ಥಶಾಸ್ತ್ರ ಮೂವತ್ತಕ್ಕೂ ಓದಬಹುದು, ಷಡ್ಜ ಹಂಗಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತು ಸುಳ್ಳಲ್ಲ. ಒಬ್ಬ ಗುರು ಒಂದು ಕಂಠದ ಮೇಲೆ ಎಂಟು ವರ್ಷ ಹಾಕಿದ್ದಾನೆ, ಅದನ್ನು ಎತ್ತಿ ಸರ್ಜಾಪುರಕ್ಕೆ ಕೊಡಿ ಅಂತ ಕೇಳುವುದು ಹೇಗೆ?

ಮಾತಾಡಿದ್ದು ಅವಳ ಅಪ್ಪ. ಆ ಮನುಷ್ಯ ಅಷ್ಟು ಹೊತ್ತು ಬಾಗಿಲ ಬಳಿ ಕೂತು ಕೇಳುತ್ತಿದ್ದ. "ಗುರುಗಳಾ, ನಂಗ ಓದು ಬರಂಗಿಲ್ಲ, ಹಾಡೂ ಬರಂಗಿಲ್ಲ. ಹೆಣ್ಣು ನೋಡಾಕ ಬಂದಾಗ ಗಂಡಿನ ಕಡ್ಯಾವರಷ್ಟೇ ನ್ವಾಡ್ತಾರೇನ್ರಿ? ನಾವೂ ಅವರ ಮನಿ ನೋಡ್ತೀವಿ, ಬಾವಿ ನೀರು ಸಿಹಿ ಅದನೋ ಇಲ್ಲೋ ನೋಡ್ತೀವಿ. ಇಕಿ ಹೋಗಿ ನೋಡಿ ಬರಲಿ. ಅಲ್ಲಿ ಹಾಡಾಕ ಜಾಗಾ ಅದನೋ ಇಲ್ಲೋ ಕೇಳಿ ಬರಲಿ. ಇಲ್ಲಂದ್ರ ಹೊಳ್ಳಿ ಬರ್ತಾಳ."

ಗವಾಯಿಗಳು ನಕ್ಕರು. ಪೇಟಿಯ ಭಾತೆ ಮುಚ್ಚಿದರು. "ನಮ್ಮ ಪರೀಕ್ಷಾ ವರ್ಷಕ್ಕ ಎರಡು ಸಲ ಬರ್ತದ. ನವೆಂಬರ್ ಬಿಟ್ರ ಏಪ್ರಿಲ್, ಮೇ ಅದ. ಆ ಪರೀಕ್ಷಾ ಹಂಗ ಬರಂಗಿಲ್ಲ. ಮೊದಲ ಅದನ್ನ ಬರೀಲಿ" ಅಂದರು. ಹಾಗನ್ನುವಾಗ ಅವರ ಮುಖ ನಾನು ನೋಡಿದೆ. ಬಿಟ್ಟುಕೊಟ್ಟವರ ಮುಖ ಆಗಿರಲಿಲ್ಲ. ಹುಡುಗಿಯ ಕಡೆ ತಿರುಗಿ, "ಆದ್ರ ಮುಂಜಾನಿ ಅರ್ಧ ತಾಸು ಖರಜ್ ಬಿಡಬ್ಯಾಡ, ಮಗಳಾ" ಅಂತ ಸೇರಿಸಿದರು.

ಅರ್ಜಿ ಹಾಕಿದಳು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಬಂತು. ತಯಾರಿಗೆ ಅವಳು ಮಾಡಿದ್ದು ನನಗೆ ಹೊಳೆದಿರದ ಉಪಾಯ. ಇಂಗ್ಲಿಷ್ ಪತ್ರಿಕೆಯಲ್ಲಿ ತೊಗರಿ, ಕಡಲೆ, ಬೇಳೆ ಆಮದು, ಬೆಂಬಲ ಬೆಲೆ ಇಂಥ ಸುದ್ದಿ ಮಾತ್ರ ಆರಿಸಿಕೊಂಡು ಓದಿದಳು. ವಿಷಯ ಮೊದಲೇ ಗೊತ್ತಿದ್ದದ್ದರಿಂದ ಭಾಷೆ ಅಷ್ಟು ಹೆದರಿಸಲಿಲ್ಲ. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆದು ತರುವಳು, ನಾವು ಕೂತು ಬಿಡಿಸುವೆವು. ಹೊಲದಲ್ಲಿ ಗಿಡ ಒಣಗುತ್ತಿದ್ದ ದಿನಗಳವು. ಮ್ಯಾನ್ಮಾರ್‌ನಿಂದ, ಆಫ್ರಿಕಾದಿಂದ ತೊಗರಿ ಹಡಗಿನಲ್ಲಿ ಬರುವ ಸುದ್ದಿ ಓದಿದ ದಿನ ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಲಿಖಿತ ಪರೀಕ್ಷೆಗೆ ಹೈದರಾಬಾದಿಗೆ ಹೋಗಿ ಬಂದಳು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಲೆಕ್ಕ ಸುಲಭ ಇತ್ತು, ಇಂಗ್ಲಿಷ್ ಉದ್ದ ಇತ್ತು ಅಂದಳು. ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಲು ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿದೆವು, ಅಪ್ಪ ಮಗಳು ಇಬ್ಬರನ್ನೂ. ಆ ಹುಡುಗಿ ಅಲ್ಲಿಯ ತನಕ ವಾಡಿಯಲ್ಲಿ ಇಳಿದು ಗಾಡಿ ಬದಲಿಸಿದವಳೇ ಹೊರತು ದಕ್ಷಿಣದ ಗಾಡಿ ಹತ್ತಿದವಳಲ್ಲ. ಸಂದರ್ಶನದಲ್ಲಿ ಏನು ಕೇಳಿದರು ಅಂತ ಬಂದ ಮೇಲೆ ಹೇಳಿದಳು. ತೊಗರಿ ಬೆಲೆಯ ಬಗ್ಗೆ ಅವಳು ಅರ್ಜಿಯಲ್ಲಿ ಬರೆದದ್ದನ್ನೇ ಹಿಡಿದು ಕೇಳಿದರಂತೆ. ಇಂಗ್ಲಿಷಿನಲ್ಲಿ ಶುರು ಮಾಡಿ, ನೆಟೆ ರೋಗದ ಮಾತು ಬಂದಾಗ ತಡವರಿಸಿ, ಕನ್ನಡಕ್ಕೆ ಹೊರಳಿದಳಂತೆ. ಎದುರಿಗೆ ಕೂತವರಲ್ಲಿ ಒಬ್ಬರಿಗೆ ಕನ್ನಡ ಬರುತ್ತಿತ್ತು. ಕೊನೆಯಲ್ಲಿ, ನಿನಗೇನಾದರೂ ಕೇಳುವುದಿದೆಯೇ ಅಂದಾಗ ಇವಳು ಕೇಳಿದ್ದು: "ಹಾಸ್ಟೆಲಿನಾಗ ಮುಂಜಾನಿ ಐದಕ್ಕ ಎದ್ದು ಹಾಡಾಕ ಯಾರಿಗೂ ತ್ರಾಸ ಆಗಲಾರದಂಥ ಜಾಗಾ ಅದನ್ರಿ?"

ಅದನ್ನು ಕೇಳಿದ ದಿನ ನನಗೆ ಆದ ಸಂತೋಷ ಆಯ್ಕೆ ಪತ್ರ ಬಂದ ದಿನವೂ ಆಗಲಿಲ್ಲ. ಎಷ್ಟೋ ವರ್ಷಗಳಿಂದ ನಮ್ಮ ಮಕ್ಕಳು ದೊಡ್ಡ ಸಂಸ್ಥೆಗಳ ಮುಂದೆ ಕೈ ಕಟ್ಟಿ ನಿಲ್ಲುವುದನ್ನು ನೋಡಿದ್ದೇನೆ. ಸೇಡಂನಿಂದ ಬಂದವರು ಅಂದರೆ ಹಿಂದುಳಿದವರು ಅನ್ನುವ ಮಾತನ್ನು ಬೇರೆಯವರಿಗಿಂತ ಮೊದಲು ಅವರೇ ನಂಬಿಬಿಟ್ಟಿರುತ್ತಾರೆ. ಇವಳು ಅವರನ್ನು ತೂಗಿ ನೋಡಿ ಬಂದಳು. ಜಾಗ ಹುಡುಕೋಣ, ಆವರಣ ದೊಡ್ಡದಿದೆ ಅಂದರಂತೆ.

ಆಯ್ಕೆಯಾಯಿತು, ಪೂರ್ತಿ ನೆರವಿನ ಜೊತೆಗೆ. ಸುದ್ದಿ ಬಂದಾಗ ಪಿಯು ಪರೀಕ್ಷೆ ಇನ್ನೂ ಮುಂದಿತ್ತು. ಮನೆಯಲ್ಲಿ ಸಂಭ್ರಮ, ಓಣಿಯಲ್ಲಿ ಸಕ್ಕರೆ. ಆದರೂ ಅವಳು ಹೂಂ ಅಂದುಬಿಡಲಿಲ್ಲ. ಮಾರ್ಚ್ ಕಳೆಯಿತು, ಏಪ್ರಿಲ್ ಮೂರನೇ ವಾರ ಪಿಯು ಫಲಿತಾಂಶ ಬಂತು, ಚಲೋ ಅಂಕ ಬಂದವು. ಬಿಸಿಲು ಏರಿದ ಮೇಲೆ ಮಧ್ಯಮ ಪೂರ್ಣ ಪರೀಕ್ಷೆ ಕೊಟ್ಟಳು. ಗವಾಯಿಗಳೇ ಪೇಟಿ ಸಾಥ್ ಮಾಡಿದರು. ಅಲ್ಲಿಂದ ಹೊರಬಂದು, ಮರದ ಕೆಳಗೆ ನೀರು ಕುಡಿದು, ನನ್ನ ಕೈಗೆ ಅದೇ ಕ್ಯಾಲೆಂಡರಿನ ಹಾಳೆ ಕೊಟ್ಟಳು. ಧಾರವಾಡದ ಗೆರೆಯನ್ನು ಅಳಿಸಿರಲಿಲ್ಲ, ಅದನ್ನು ಮುಂದಕ್ಕೆ ಎಳೆದಿದ್ದಳು. ಪದವಿ ಮುಗಿದ ಮೇಲಿನ ವರ್ಷಕ್ಕೆ, ಎಂ.ಮ್ಯೂಸ್ ಅಂತ ಬರೆದು.

"ನಾಕ್ ವರ್ಷ ದಿನಾ ಹಾಡಿದ್ರ ಅಲ್ಲಿಗಿ ಹೋಗಾಕ ಬರ್ತದಲ್ರಿ, ಗುರುಗಳಾ?" ಅಂತ ಗವಾಯಿಗಳನ್ನು ಕೇಳಿದಳು.

"ದಿನಾ ಅಂದ್ರ ದಿನಾ. ಸೂಟಿ ಇಲ್ಲ" ಅಂದರು ಅವರು.

ಮಳೆಗಾಲಕ್ಕೆ ಹೋದಳು. ಹೋದ ಮೇಲಿನ ಮೊದಲ ಭಾನುವಾರ ನಾನು ಶಹಾಬಾದಿನಲ್ಲಿ ಗವಾಯಿಗಳ ಮನೆಯಲ್ಲೇ ಇದ್ದೆ. ಫೋನ್ ಬಂತು. ಜಾಗ ಸಿಕ್ಕಿದೆ, ಕಟ್ಟಡದ ಹಿಂದುಗಡೆ, ಅಲ್ಲಿ ಯಾರೂ ಇರುವುದಿಲ್ಲ, ಒಬ್ಬ ಸೆಕ್ಯುರಿಟಿಯವರು ಮಾತ್ರ ದಿನಾ ಬಂದು ನಿಂತು ಕೇಳುತ್ತಾರೆ, ಅವರು ರಾಯಚೂರಿನವರು ಅಂತೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಊಟ ಹೇಗಿದೆ, ಗೆಳತಿಯರು ಯಾರು ಅಂತ ನಾನು ಕೇಳಬೇಕೆಂದಿದ್ದೆ. ಗವಾಯಿಗಳು ಫೋನ್ ತಮ್ಮ ಕಿವಿಗೆ ಇಟ್ಟುಕೊಂಡು, "ಯಮನ್ ಹಾಡು" ಅಂದರು. ಹಾಡಿದಳು. ಆಲಾಪ ಅರ್ಧಕ್ಕೆ ಬರುತ್ತಿದ್ದಂತೆ ನಿಲ್ಲಿಸಿದರು.

"ತೀವ್ರ ಮಧ್ಯಮ ಇಳೀಲತ್ತದ ಮಗಳಾ. ಚಳಿ ಊರು, ಕಂಠ ಬಿಸಿ ಮಾಡ್ಕೊಂಡು ಕೂಡು. ಹಾಂ, ಮೊದಲಿಂದ."